ಊಂ ಅನ್ನವ್ವ

“ಊಂ ಅನ್ನವ್ವ. ಊಂ ಅನ್ನದಿದ್ರೆ ಕತೆ ಮುಂದಕ್ಕೋಗಲ್ಲ ಅಂತ ನೀನೇ ಗದರ್ತಿದ್ದೆ,” ಎಂದು ಮಗಳು ರಾಣಿ ತಾಯಿಯ ತುಟಿಗೆ ಕಿವಿಯಿಟ್ಟಳು. ಹೆಮ್ಮಿಗೆಯ ಮಕ್ಕಳಿಗೆಲ್ಲ ಕತೆ ಹೇಳಿದ ಶಿವನಂಜಮ್ಮ, ಲಕ್ವ ಹೊಡೆದಾಗಿನಿಂದ ನಂಜನಗೂಡಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ತುಟಿ ಅಲುಗಲಿಲ್ಲ.

ರಾಣಿ ತಾಯಿಯದೇ ಕತೆಯನ್ನು ಮುಂದುವರಿಸಿದಳು. ಗಿಣಿಯಾದ ರಾಜಕುಮಾರಿ ಕಪಿಲೆಯ ಮೇಲೆ ಹಾರಿದಳು, ರೆಕ್ಕೆ ಸೋತವು, ಆಚೆ ದಡ ಇನ್ನೂ ದೂರವಿತ್ತು. ರಾಣಿ ಒಂದೊಂದು ಮಾತಿಗೂ ನಿಂತು ತಾಯಿಯ ‘ಊಂ’ಗೆ ಕಾದಳು. ಪಕ್ಕದ ಮಂಚದವರು ನೋಡಲಾರದೆ ಮುಖ ತಿರುಗಿಸಿಕೊಂಡರು.

ಕತೆಯಲ್ಲಿ ಗಿಣಿ ದಡ ಸೇರಬೇಕಿತ್ತು. ಅದನ್ನು ಹೇಳಲು ರಾಣಿಗೆ ಬಾಯಿ ಬರಲಿಲ್ಲ. “ಗಿಣಿ ಒಳೇಲಿ ಬಿದ್ದೋಯ್ತು ಕಣವ್ವ. ಕತೆ ಮುಗೀತು,” ಎಂದು ಹಾಸಿಗೆಗೆ ಹಣೆಯೊತ್ತಿ ಅತ್ತಳು.

ದಿಂಬಿನ ಕಡೆಯಿಂದ ತೊದಲು ದನಿಯೊಂದು ಸಿಡುಕಿತು.

“ಊಹೂಂ.”