ಎಡಗೈ, ಎರಡು ಕಾಲು

ಸಂಜೆಯ ಕಛೇರಿಯಲ್ಲಿ ಅಕ್ಕನ ಬದಲು ನುಡಿಸಲೆಂದು ಬಂದ ತಂಗಿ ಸಭಾಂಗಣದ ಬಾಗಿಲು ತಳ್ಳಿದರೆ, ಒಳಗೆ ಅಕ್ಕನೇ ನುಡಿಸುತ್ತಾ ಕೂತಿದ್ದಳು. ವೇದಿಕೆಯ ಹಿಂಗೋಡೆಯ ತುಂಬ ಪೈಪ್ ಆರ್ಗನ್ನಿನ ಕೊಳವೆಗಳು, ಕಂಬದಷ್ಟು ದಪ್ಪದವು, ಪೆನ್ಸಿಲಿನಷ್ಟು ಸಣ್ಣವು. ಅವುಗಳ ಮುಂದೆ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಮೂರು ಕೀಲಿಮಣೆ, ಕಾಲಡಿಯಲ್ಲಿ ಮರದ ಪೆಡಲುಗಳ ಸಾಲು. ಅಕ್ಕನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮಹಡಿ ಮೆಟ್ಟಿಲಿಂದ ಉರುಳಿ ಭುಜದ ನರ ಹರಿದ ಮೇಲೆ ಅದು ಪೂರ್ತಿ ಕೈಕೊಟ್ಟಿತ್ತು. ಮತ್ತೆ ಸರಿಹೋಗುವ ಆಸೆ ಬೇಡ ಎಂದು ಡಾಕ್ಟರು ಹೇಳಿಯೂ ಆಗಿತ್ತು.

"ಏನಕ್ಕಾ ಇದು? ಮ್ಯಾನೇಜರು ನನ್ನ ಕರೆಸಿದ್ದು…"

"ಗೊತ್ತು. ನೀನೇ ನುಡಿಸು. ಕೊನೇದೊಂದು ಮಾತ್ರ ನಂಗೆ ಬಿಡು."

"ಒಂದೇ ಕೈಲಿ ಏನು ನುಡಿಸ್ತೀಯಾ?"

"ಯಾಕೆ, ನಂಗೆ ಕಾಲಿಲ್ವಾ?"

ತಂಗಿ ಕೆಳಗಿನ ಪೆಡಲುಗಳ ಕಡೆ ನೋಡಿದಳು. ಇಬ್ಬರೂ ಅಪ್ಪನ ಹತ್ತಿರವೇ ಕಲಿತವರು. ಒಂದೇ ಪೆಟ್ಟಿಗೆಯೊಳಗೆ ಕೊಳಲು, ತುತ್ತೂರಿ, ಪಿಟೀಲು, ಗುಡುಗು ಎಲ್ಲ ಇವೆ, ಕರೆಯೋಕೆ ಬರಬೇಕು ಅಷ್ಟೇ ಎನ್ನುತ್ತಿದ್ದ ಅಪ್ಪ. ಈ ಸಭಾಂಗಣದ ಕೆಲಸ ಅಕ್ಕನ ಪಾಲಾದಾಗ ತಂಗಿ ಮುಖ ಊದಿಸಿಕೊಂಡು ಬೇರೆ ಊರು ಸೇರಿದ್ದಳು. ಅಲ್ಲಿಂದಾಚೆ ಅಪರೂಪಕ್ಕೊಂದು ಫೋನು, ಅದೂ ಚಳಿ ಸೆಕೆಯ ಮಾತು. ಇವತ್ತು ರೈಲಿನಲ್ಲಿ ಬರುವಾಗ ಅವಳಿಗೆ ದುಃಖವಾಗಿತ್ತು, ನಿಜ. ಆದರೆ ಆ ದುಃಖದ ಬೆನ್ನಿಗೇ, ಅಂತೂ ಈ ವಾದ್ಯ ನನ್ನ ಕೈಗೆ ಬಂತು ಎಂಬ ಸಂತೋಷವೂ ಇಣುಕಿತ್ತು. ಅದನ್ನು ನೆನೆದು ನಾಚಿಕೆಯೂ ಆಗಿತ್ತು.

ಮ್ಯಾನೇಜರು ಕನ್ನಡಕ ಒರೆಸುತ್ತಾ ಬಂದರು. ವಿಷಯ ಕೇಳಿ ಅವರ ಮುಖ ಸಣ್ಣಗಾಯಿತು. "ಅಮ್ಮಾ, ನಾನು ಕೆಟ್ಟದ್ದಕ್ಕೆ ಹೇಳ್ತಿಲ್ಲ. ಜನ ನಿಮ್ಮನ್ನ ನೋಡಿ ಅಯ್ಯೋ ಪಾಪ ಅಂತಾರೆ. ಇಷ್ಟು ವರ್ಷ ಮೆರೆದವರಿಗೆ ಅದು ಬೇಕಾ?"

"ಶುರು ಮಾಡುವಾಗ ಅನ್ನಲಿ, ಬಿಡಿ. ಮುಗಿಸಿ ಏಳುವಾಗ್ಲೂ ಪಾಪ ಅಂದ್ರೆ, ಈ ಬೆಂಚು ಇವಳಿಗೇ ಕೊಡಿ. ನಾನು ಇನ್ನು ಈ ಕಡೆ ತಲೆ ಹಾಕಲ್ಲ."

"ಬಲಗೈ ಪಾಲು ನಾನು ಪಕ್ಕದಲ್ಲಿ ಕೂತು ನುಡಿಸ್ತೀನಕ್ಕಾ," ಎಂದಳು ತಂಗಿ.

"ಬಲಗೈಗೆ ಇದ್ರಲ್ಲಿ ಪಾಲೇ ಇಲ್ಲ ಕಣೇ. ದೊಡ್ಡೋರು ಬರೆದಿಟ್ಟಿದ್ದೆಲ್ಲಾ ಎರಡು ಕೈ ಇರೋರಿಗೆ. ಇದನ್ನ ನಾನೇ ಕಟ್ಟಿದ್ದು. ನಾನು ಹೇಳಿದಾಗ ಸ್ಟಾಪ್ ಗುಂಡಿ ಎಳೆದುಕೊಡು, ಅಷ್ಟು ಸಾಕು."

ಸಂಜೆ ತಂಗಿ ಚೆನ್ನಾಗಿಯೇ ನುಡಿಸಿದಳು. ಹಳೆಯ ಪ್ರಾರ್ಥನೆ, ನಾಲ್ಕು ಕುಣಿತದ ಮಟ್ಟು, ಕಿಟಕಿಯ ಗಾಜು ನಡುಗಿಸುವ ಒಂದು ಮೆರವಣಿಗೆಯ ಗತ್ತು. ಆಮೇಲೆ ಬೆಂಚು ಬಿಟ್ಟು ಪಕ್ಕಕ್ಕೆ ನಿಂತಳು. ಯಾವ ಕೊಳವೆ ಉಲಿಯಬೇಕು, ಯಾವುದು ಬಾಯಿ ಮುಚ್ಚಿರಬೇಕು ಎಂದು ತೀರ್ಮಾನಿಸುವ ಸ್ಟಾಪ್ ಗುಂಡಿಗಳು ಅವಳ ಕೈಯಳತೆಯಲ್ಲಿದ್ದವು. ಅಕ್ಕ ಬಂದು ಕೂತಳು. ಸಭೆಯಲ್ಲಿ ಗುಜುಗುಜು ಎದ್ದಿತು.

"ಕಾಲಿಗೆ ಸಣ್ಣ ಕೊಳಲು," ಎಂದಳು ಅಕ್ಕ.

ತಂಗಿ ತಬ್ಬಿಬ್ಬಾದಳು. ಕಾಲಿಗೆ ಸಾಮಾನ್ಯವಾಗಿ ಸಿಗುವುದು ನೆಲ ಅದುರಿಸುವ ಮಂದ್ರ. "ಸಣ್ಣದಾ?"

"ಹೂಂ, ಅದೇ."

ತಂಗಿ ಆ ಗುಂಡಿ ಎಳೆದಳು. ಅಕ್ಕನ ಪಾದಗಳಿಂದ ಹಾಡು ಎದ್ದಿತು. ತುದಿಗಾಲು, ಹಿಮ್ಮಡಿ, ಮತ್ತೆ ತುದಿಗಾಲು. ಕೆಳಗೆ ಕಾಲು ಓಡಾಡಿದರೆ ಹಾಡು ಮೇಲೆ ಸೂರಿನ ಹತ್ತಿರ ಸುಳಿಯುತ್ತಿತ್ತು. ಎಡಗೈ ಅದಕ್ಕೆ ತಳ ಹಾಸುತ್ತಿತ್ತು. ತಂಗಿ ಮೈಮರೆತು ಕೇಳುತ್ತಿದ್ದಂತೆ ಅಕ್ಕನ ಕಾಲು ಜಾರಿತು. ತಪ್ಪು ಸ್ವರವೊಂದು ಕಿರುಚಿತು. ಅಕ್ಕ ನಿಲ್ಲಿಸಿದಳು.

ಮುಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಪರದೆಯ ಮರೆಯಿಂದ ಮ್ಯಾನೇಜರು ತಂಗಿಗೆ ಕೈಸನ್ನೆ ಮಾಡಿದರು: ನೀವು ಕೂತುಬಿಡಿ. ಕೂತರೆ ಸಾಕಿತ್ತು, ಬೆಂಚು ಅವಳದಾಗುತ್ತಿತ್ತು. ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವಳು ಅಕ್ಕನ ಕತ್ತಿನಲ್ಲಿ ಹನಿಗಟ್ಟಿದ್ದ ಬೆವರು ನೋಡಿದಳು. ಮ್ಯಾನೇಜರ ಕಡೆ ತಿರುಗಿ ತಲೆಯಾಡಿಸಿದಳು, ಇಲ್ಲ ಎಂದು.

"ನೆಲ ಡೊಂಕಲ್ಲ, ಕಾಲೇ ತಪ್ಪಿದ್ದು," ಅಕ್ಕ ಪಿಸುಗುಟ್ಟಿದಳು. "ಮೊದಲಿಂದ."

ಈ ಸಲ ಅವಳು ಮೊದಲಿಗಿಂತ ಚುರುಕಾಗಿ ಹಿಡಿದಳು. ಜಾರಿದ್ದ ಜಾಗ ಬಂದಾಗ ತಂಗಿ ಬಗ್ಗಿ ಪೆಡಲುಗಳನ್ನೇ ನೋಡಿದಳು. ಕಾಲು ಅದನ್ನು ದಾಟಿ ಹೋಯಿತು. "ತುತ್ತೂರಿ!" ಎಂದಳು ಅಕ್ಕ. ತಂಗಿ ಗುಂಡಿ ಎಳೆದಳು. ಇಡೀ ಗೋಡೆ ಬಾಯಿ ತೆರೆದ ಹಾಗೆ ನಾದ ಸುರಿಯಿತು. ಅಕ್ಕನ ಎರಡೂ ಪಾದಗಳು ಒಟ್ಟಿಗೆ ಒತ್ತಿ ನಿಂತವು, ಕೊನೆಯ ಸ್ವರ ಸಭಾಂಗಣದ ಮೂಲೆಮೂಲೆ ತುಂಬುವವರೆಗೆ. ಲೊಚಗುಟ್ಟಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮ್ಯಾನೇಜರು ಹತ್ತಿರ ಬಂದು ಏನೇನೋ ಹೇಳಲು ಹೋಗಿ, "ನಾಳೆ ಎಂದಿನಂತೆ ಬರ್ತೀರಲ್ಲಮ್ಮಾ?" ಎಂದಷ್ಟೇ ಕೇಳಿದರು.

ಜನ ಕರಗಿದ ಮೇಲೆ ಅಕ್ಕ ಶೂ ಬಿಚ್ಚಿ ಕಾಲು ನೀವಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕೂತಿದ್ದಳು. ತಂಗಿಯ ರೈಲಿಗೆ ಹೊತ್ತಾಗಿತ್ತು. ಅವಳು ಚೀಲವನ್ನು ಹೆಗಲಿಗೇರಿಸಿದಳು, ಬಾಗಿಲವರೆಗೆ ಹೋದಳು, ತಿರುಗಿ ಬಂದಳು. ಚೀಲ ಕೆಳಗಿಟ್ಟು ಆರ್ಗನ್ನಿನ ಮುಂದೆ ಕೂತು, ತನ್ನ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿ ಗಟ್ಟಿಯಾಗಿ ಅದುಮಿಕೊಂಡಳು.

"ಹೂಂ, ಈಗ ಹೇಳಿಕೊಡು."