ಕೆಂಪು ಗುಂಡಿ ಎಲ್ಲಿ ಕೆಟ್ಟಿದೆ?

"ಇದಲ್ಲ. ಇನ್ನೊಂದು ತೋರಿಸಿ," ಎಂದು ಕ್ರಿಸ್ಪಿನ್ ಲ್ಯಾಪ್‌ಟಾಪನ್ನು ಹಿಂದಕ್ಕೆ ತಳ್ಳಿದ.

ಅಂಗಡಿಯ ನಿಲ್ಡಾ ಸೊಂಟದ ಮೇಲೆ ಕೈಯಿಟ್ಟಳು. ಗಡಿಪಟ್ಟಣ ಸಿಯುದಾದ್ ದೆಲ್ ಎಸ್ತೆಯ ಆ ಮಳಿಗೆಸಾಲಿನಲ್ಲಿ ಅವಳಷ್ಟು ಬಾಯಿಜೋರಿನ ಹೆಂಗಸು ಇನ್ನೊಬ್ಬಳಿಲ್ಲ. ಸೇತುವೆ ದಾಟಿ ಚೌಕಾಸಿಗೆ ಬರುವ ಬ್ರೆಜಿಲಿನವರಿಗೇ ನೀರು ಕುಡಿಸುವವಳು.

"ಏನಣ್ಣಾ, ಲ್ಯಾಪ್‌ಟಾಪ್ ನೋಡೋಕೆ ಬಂದ್ಯೋ, ಹೆಣ್ಣು ನೋಡೋಕೆ ಬಂದ್ಯೋ? ಒಂದೂ ಒಪ್ಪಿಗೆ ಆಗ್ತಿಲ್ವಲ್ಲ!"

ಕ್ರಿಸ್ಪಿನ್‌ಗೆ ನಗು ಬರಲಿಲ್ಲ. "ನಾನು ವೆಬ್‌ಸೈಟ್ ಕಟ್ಟೋನು. ಫೋನಲ್ಲಿ ನೋಡಿದ್ದಾಯ್ತು, ನನ್ನ ಹಳೇ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಒಂದೇ ಇರೋದು. ವಿಂಡೋಸ್, ಮ್ಯಾಕ್, ಎಲ್ಲದರಲ್ಲೂ ನನ್ನ ಪುಟ ಹೇಗೆ ಕಾಣ್ಸುತ್ತೆ ನೋಡ್ಬೇಕು. ಈಗಲೇ."

ಈಗಲೇ ಎಂದರೆ ಈಗಲೇ. ಮಗಳು ಪನಂಬಿಯ ಹೃದಯದಲ್ಲಿ ತೂತು. ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಇಲ್ಲಿ ರೋಗಿಯ ಕಡೆಯವರೇ ರಕ್ತ ಕೊಡುವವರನ್ನು ಕರೆತರಬೇಕು. ಇಲ್ಲದಿದ್ದರೆ ಸರದಿ ಮುಂದಿನವರಿಗೆ. ಪನಂಬಿಯದೋ ಹುಡುಕಿದರೂ ಸಿಗದ ಓ ನೆಗೆಟಿವ್. ಇನ್ನೊಂದು ಸರದಿಯ ತನಕ ಮಗು ತಡೆಯುವುದಿಲ್ಲ ಎಂದು ಡಾಕ್ಟರು ಮುಖ ನೋಡದೆ ಹೇಳಿದ್ದರು.

ಬೇರೆಯವರಾಗಿದ್ದರೆ ಇಗರ್ಜಿಗೆ, ಫುಟ್‌ಬಾಲ್ ಸಂಘಕ್ಕೆ, ಬಸ್ ನಿಲ್ದಾಣಕ್ಕೆ ಓಡಿ ಸಿಕ್ಕಸಿಕ್ಕವರ ಕೈ ಹಿಡಿಯುತ್ತಿದ್ದರು. ಕ್ರಿಸ್ಪಿನ್ ಪುಟ ಕಟ್ಟಿದ. ಮೇಲೆ ಮಗಳ ಚಿತ್ರ, ಕೆಳಗೆ ಕತೆಯೆಲ್ಲ, ತೀರ ಕೊನೆಯಲ್ಲಿ ಒಂದು ಕೆಂಪು ಗುಂಡಿ: 'ನಾನು ಕೊಡುತ್ತೇನೆ'. ಹೆಸರು ಬರೆದು ಒತ್ತಿದರೆ ನೇರ ಅವನ ಫೋನಿಗೆ.

"ಮಗು ಅಳದಿದ್ರೆ ಹೆತ್ತ ತಾಯಿಯೂ ಹಾಲು ಕೊಡಲ್ಲ ಕಣಯ್ಯಾ," ಎಂದು ಅತ್ತೆ ತೊಮಾಸಾ ತಣ್ಣನೆಯ ತೆರೆರೆ ಕಷಾಯದ ಲೋಟ ಕುಕ್ಕಿದ್ದಳು. "ಬಾಯಿ ಬಿಟ್ಟು ಕೇಳೋದು ಬಿಟ್ಟು ಇದೇನಯ್ಯಾ ನಿನ್ನ ಪೆಟ್ಟಿಗೆ ಕುಟ್ಟೋದು?"

ಎರಡು ವಾರ ಪುಟ ಊರೆಲ್ಲ ಸುತ್ತಿತು. ಸಾವಿರಾರು ಜನ ನೋಡಿದರು. ಒಂದು ಹೆಸರೂ ಬರಲಿಲ್ಲ.

ಸಾವಿರಾರು ಜನ ನೋಡಿ ಒಬ್ಬರೂ ಒತ್ತಿಲ್ಲವೆಂದರೆ ಏನರ್ಥ? ಗುಂಡಿ ಕೆಟ್ಟಿದೆ, ಅಷ್ಟೇ. ತನ್ನ ಯಂತ್ರದಲ್ಲಿ ಸರಿಯಿದ್ದದ್ದು ಊರವರ ಯಂತ್ರದಲ್ಲಿ ಕೈಕೊಡುವುದು ಈ ಕಸುಬಿನಲ್ಲಿ ದಿನನಿತ್ಯದ ಗೋಳು. ಎಲ್ಲಿ ಕೆಟ್ಟಿದೆ ಎಂದು ತಿಳಿದರೆ ಚಿಟಿಕೆ ಹೊಡೆಯುವುದರಲ್ಲಿ ಸರಿಮಾಡಿಯಾನು. ಆಮೇಲೆ ಹೆಸರುಗಳು ದಬದಬ ಬೀಳುತ್ತವೆ. ಇದನ್ನೇ ನಂಬಿ ಅವನು ಆಸ್ಪತ್ರೆಯಿಂದ ಇಲ್ಲಿಗೆ ಓಡಿ ಬಂದಿದ್ದ.

"ಹಾಗಾದ್ರೆ ಮ್ಯಾಕ್ ತಗೋ," ಎಂದಳು ನಿಲ್ಡಾ. "ಅದರ ಹೊಟ್ಟೇಲಿ ವಿಂಡೋಸೂ ಕೂರುತ್ತೆ, ಲಿನಕ್ಸೂ ಕೂರುತ್ತೆ. ಮ್ಯಾಕ್ ಮಾತ್ರ ಬೇರೆಯವರ ಹೊಟ್ಟೇಲಿ ಕೂರಲ್ಲ, ಗತ್ತಿನ ಗಿರಾಕಿ. ಎಲ್ಲಿ, ನಿನ್ನ ಪುಟ ತೆಗಿ ನೋಡಣ."

ಕ್ರಿಸ್ಪಿನ್ ವಿಳಾಸ ಕುಟ್ಟಿದ. ಪರದೆಯ ತುಂಬ ಪನಂಬಿಯ ಬೋಡುಬಾಯಿಯ ನಗು ಅರಳಿತು.

ನಿಲ್ಡಾ ಪರದೆಯಿಂದ ಕಣ್ಣು ಕಿತ್ತಳು. ಮಗುವಿಗೆ ಏನಾಗಿದೆ ಎಂದು ಅವಳು ಕೇಳಲಿಲ್ಲ. ಬಸ್ಸಿನಲ್ಲಿ, ಆಸ್ಪತ್ರೆಯ ಮೆಟ್ಟಿಲಲ್ಲಿ, ಚೀಪಾ ರೊಟ್ಟಿ ಮಾರುವವಳ ಬುಟ್ಟಿಯ ಬಳಿ, ಎಲ್ಲರೂ ಕೇಳಿ ಕೇಳಿ ಅವನ ಜೀವ ಹಿಂಡಿದ್ದರು. ಇವಳು ಕೇಳಲಿಲ್ಲವಲ್ಲ, ಪುಣ್ಯಾತ್ಗಿತ್ತಿ ಎಂದುಕೊಂಡ.

ಆಮೇಲೆ ನಿಲ್ಡಾ ವ್ಯಾಪಾರ ಮರೆತವಳಂತೆ ದುಡಿದಳು. ಬಿಚ್ಚದ ಪೆಟ್ಟಿಗೆ ಬಿಚ್ಚಿದಳು. ಪಕ್ಕದ ಅಂಗಡಿಯವನನ್ನು ಗದರಿಸಿ ಅವನ ಹಳೆಯ ವಿಂಡೋಸ್ ಡಬ್ಬವನ್ನೂ ಎತ್ತಿಕೊಂಡು ಬಂದಳು. ಪ್ರತಿ ಯಂತ್ರದಲ್ಲೂ ಚಿತ್ರವನ್ನು ನೋಡದೆ, ಕತೆಯನ್ನು ಓದದೆ, ಸರ್ರನೆ ತಳಕ್ಕೆ ಇಳಿದು ಗುಂಡಿಯ ಮೇಲೆ ಬೆರಳಿಟ್ಟಳು.

"ಒತ್ತಲಾ?"

"ಒತ್ತು."

ಕ್ರಿಸ್ಪಿನ್‌ನ ಫೋನು ನಡುಗಿತು. 'ಒಬ್ಬ ದಾನಿ ಸಿಕ್ಕಿದ್ದಾರೆ.' ಪರೀಕ್ಷೆಗೆಂದು ಕುಟ್ಟಿದ ಸುಳ್ಳು ಹೆಸರೆಂದು ಗೊತ್ತಿದ್ದೂ ಅವನ ಎದೆ ಹಾರಿತು, ಮರುಕ್ಷಣ ಕುಸಿಯಿತು. ಅಲ್ಲಿ ಗುಂಡಿ ಕೆಟ್ಟಿರಲಿಲ್ಲ.

ಮ್ಯಾಕ್‌ನಲ್ಲಿ ಒತ್ತಿದರು, ಸರಿಯಿತ್ತು. ವಿಂಡೋಸ್‌ನಲ್ಲೂ ಸರಿಯಿತ್ತು. ಪಕ್ಕದವನ ಓಬೀರಾಯನ ಕಾಲದ ಡಬ್ಬ ತೆವಳುತ್ತ ತೆವಳುತ್ತ ಪುಟ ಬಿಚ್ಚಿತು, ಅದರಲ್ಲೂ ಸರಿಯಿತ್ತು. ಕಾಕುಪೆಯ ಮಾತೆಯೇ, ಒಂದರಲ್ಲಾದರೂ ಕೆಟ್ಟಿರಲಮ್ಮಾ ಎಂದು ಕ್ರಿಸ್ಪಿನ್ ಮನಸ್ಸಿನಲ್ಲೇ ಅಡ್ಡಬಿದ್ದ. ತನ್ನ ಕೆಲಸ ಕೆಟ್ಟಿರಲಿ ಎಂದು ಹರಕೆ ಹೊತ್ತ ಕಸುಬುದಾರ ಅವನೊಬ್ಬನೇ ಇದ್ದಾನು.

ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟ ಯಂತ್ರಗಳಲ್ಲೆಲ್ಲ ಪನಂಬಿ ನಗುತ್ತಿದ್ದಳು. ಒತ್ತಿ ನೋಡಲು ಇನ್ನೊಂದು ಉಳಿದಿರಲಿಲ್ಲ.

"ಹಾಗಾದ್ರೆ ಎಲ್ಲಿ ಕೆಟ್ಟಿದೆ?" ಕ್ರಿಸ್ಪಿನ್ ಮೇಜು ಗುದ್ದಿದ. "ಹೇಳಮ್ಮಾ! ಎಲ್ಲೋ ಒಂದ್ ಕಡೆ ಕೆಟ್ಟಿರ್ಲೇಬೇಕು. ಅಷ್ಟೊಂದ್ ಜನ ನೋಡಿದಾರೆ. ಅವರೇನು ಕಲ್ಲುಗಳಾ?"

ಅವನು ಮೇಜಿಗೆ ತಲೆಯಾನಿಸಿ ಬಿಕ್ಕಿಬಿಕ್ಕಿ ಅತ್ತ. ನಿಲ್ಡಾ ಒಂದೊಂದಾಗಿ ಯಂತ್ರಗಳನ್ನು ಮುಚ್ಚಿದಳು. ಗಲ್ಲಾದ ಹಿಂದಿನಿಂದ ಈಚೆ ಬಂದು ಹಾಡುಹಗಲಲ್ಲೇ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಚೀಲ ಹೆಗಲಿಗೇರಿಸಿ, ಅವನ ಮುಖ ನೋಡಲಾರದೆ ನಿಂತಳು.

"ಎಲ್ಲೂ ಕೆಟ್ಟಿಲ್ಲಣ್ಣಾ. ಹೋದ ವಾರ ನನ್ನ ಮೊಬೈಲಲ್ಲೂ ಸರಿಯಾಗೇ ಕಾಣಿಸ್ತು. ನಂದೂ ಅದೇ ರಕ್ತ, ಆದ್ರೂ ಬೇರೆ ಯಾರಾದ್ರೂ ಒತ್ತಿರ್ತಾರೆ ಬಿಡು ಅಂತ ಮುಚ್ಚಿಬಿಟ್ಟೆ."