ತಾರೀಖು ಬರೆಯದ ಚಿತ್ರ

ಸತ್ತವಳು ಕೊಂಡಾಪುರದ ಔಷಧಿ ಅಂಗಡಿಯಲ್ಲಿ ನಿಂತು ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದಳು.

ದತ್ತಾತ್ರೇಯರ ಕೈಯಿಂದ ಡಾಕ್ಟರ ಚೀಟಿ ಜಾರಿತು. ಎಡಹುಬ್ಬನ್ನು ಎರಡು ಮಾಡಿದ ಆ ಕಲೆ, ಗದ್ದದ ಮೇಲಿನ ಆ ಸಣ್ಣ ಕುಳಿ. ಹದಿನೈದು ದಿನದಿಂದ ಅವರು ಚಿತ್ರದಲ್ಲಿ ಬರೆಯುತ್ತಿದ್ದುದು ಇದೇ ಮುಖವನ್ನು. ಸಂಶಯವೇ ಇಲ್ಲ.

“ಧನಶ್ರೀ?” ಎಂದರು.

ಹುಡುಗಿ ಥಟ್ಟನೆ ತಲೆ ಎತ್ತಿದಳು. ಮುಖ ಸುಣ್ಣವಾಯಿತು. “ನಾ ಪೇರು ಕೃಪಾ” ಎಂದು ತೆಲುಗಿನಲ್ಲಿ ಬೇರೆಯೇ ಹೆಸರು ಹೇಳಿ, ಕತ್ತರಿ ಅಲ್ಲೇ ಬಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ದತ್ತಾತ್ರೇಯರ ಅಂಗಡಿ ಇರುವುದು ಸುಲ್ತಾನ್ ಬಜಾರಿನ ಗಲ್ಲಿಯಲ್ಲಿ. ನಲವತ್ತು ವರ್ಷದಿಂದ ಅವರು ಬರೆದದ್ದೆಲ್ಲ ಸತ್ತವರನ್ನೇ. ಫೋಟೊ ಕೊಟ್ಟರೆ ಎಣ್ಣೆಬಣ್ಣದ ದೊಡ್ಡ ಚಿತ್ರ, ಕೆಳಗೆ ಹೆಸರು ಮತ್ತು ತೀರಿಕೊಂಡ ತಾರೀಖು. ಬದುಕಿರುವವರು ಯಾರಾದರೂ ತಮ್ಮ ಚಿತ್ರ ಬರೆಸಲು ಬಂದರೆ ಬಿಡ್ತು ಅನ್ನಿ ಎಂದು ಬೈದು ಕಳಿಸುತ್ತಿದ್ದರು.

ಈ ಚಿತ್ರ ಬರೆಸಲು ಬಂದವನು ನಿಶಾಂತ. ಬೀದರ ಕಡೆಯವನು, ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಕೆಲಸ. ತಂಗಿ ಧನಶ್ರೀ ತೀರಿಕೊಂಡಳು ಎಂದು ಹೇಳಿ ಅರ್ಧ ಕತ್ತರಿಸಿದ ಮದುವೆ ಫೋಟೊ ಕೊಟ್ಟಿದ್ದ. ಅವಳ ಹೆಗಲ ಮೇಲೆ ಗಂಡನ ಕೈಯೊಂದು ಮಾತ್ರ ಉಳಿದಿತ್ತು. ದತ್ತಾತ್ರೇಯರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸತ್ತವರ ಪಕ್ಕ ಬದುಕಿರುವವರನ್ನು ಬರೆಯಬಾರದು. ಎಲ್ಲರೂ ಕತ್ತರಿಸಿಯೇ ತರುತ್ತಾರೆ. ಆ ಕೈಯಿದ್ದ ಕಡೆ ಸೆರಗು ಹೊದಿಸಿದರು. ಹಿಂದೆ ಅವಳ ಊರಿನ ಜೋಳದ ಹೊಲ, ಬಾವಿ, ಕೆಂಪು ಗುಡ್ಡ.

“ಹುಬ್ಬಿನ ಕಲೆ ಮುಚ್ಚಿಬಿಡ್ಲೇನಪಾ?” ಎಂದು ಕೇಳಿದ್ದರು.

“ಬ್ಯಾಡ್ರಿ. ನೋಡಿದವರಿಗೆ ಆಕೀನ ಅಂತ ಗುರುತು ಸಿಗಬೇಕು. ಬಾಗಲಾ ತಗದ ಕೂಡಲೆ ಎದುರಿಗೆ ಕಾಣೂಹಂಗ ಹಾಕತೀನಿ.”

“ತಾರೀಖು?”

ನಿಶಾಂತ ಬೀದಿಯ ಕಡೆ ನೋಡಿದ. “ಅದೊಂದು ಸದ್ಯ ಖಾಲಿ ಬಿಡ್ರಿ. ಆಮ್ಯಾಲೆ ಹೇಳತೀನಿ.”

ಪಾಪ, ದುಃಖ ಎಂದುಕೊಂಡಿದ್ದರು ಆಗ. ಈಗ ಬಸ್ಸಿನಲ್ಲಿ ಕೂತು ಅದನ್ನೇ ನೆನೆದರು. ಒಡಹುಟ್ಟಿದ ತಂಗಿ ಸತ್ತ ದಿನ ಅಣ್ಣನಿಗೆ ಗೊತ್ತಿಲ್ಲವೇ? ಅಥವಾ ಆ ದಿನ ಇನ್ನೂ ಬಂದಿಲ್ಲವೇ?

ಮನೆಯಲ್ಲಿ ಹೆಂಡತಿ ಕೃಷ್ಣಾಬಾಯಿಗೆ ಎಲ್ಲ ಹೇಳಿದರು. “ಪೊಲೀಸರಿಗೆ ತಿಳಸ್ಲೇನು?”

“ಏನಂತ ತಿಳಸ್ತೀರಿ? ಚಿತ್ರ ಬರಸೂದು ಗುನ್ಹೆ ಏನು? ಆ ಹುಡುಗಿಗೆ ಗಂಡ ಅನ್ನಾಂವ ಒಬ್ಬ ಇದ್ದಾನಲ್ರಿ. ಕೊಟ್ಟ ಹೆಣ್ಣು ಗಂಡನ ಮನಿಯಾಕಿ. ಮೊದಲ ಅವಂಗ ಹೇಳ್ರಿ.”

ಮಾತು ಸರಿ ಎನ್ನಿಸಿತು. ಫೋಟೊದ ಬೆನ್ನಿಗೆ ಸ್ಟುಡಿಯೊದ ಮುದ್ರೆಯಿತ್ತು, ಫೋನ್ ನಂಬರಿತ್ತು. ಸ್ಟುಡಿಯೊದವನು ಗಂಡನ ನಂಬರು ಹುಡುಕಿ ಕೊಟ್ಟ. ಗಂಡನ ಹೆಸರು ಹೇಮಂತ. ಧನಶ್ರೀಯನ್ನು ನೋಡಿದ್ದನ್ನು ಅವನಿಗೆ ಹೇಳಿದರು.

“ಕಣ್ಣಾರೆ ನೋಡೀರೇನ್ರಿ?” ಎಂದ. “ಆರು ತಿಂಗಳಾತು, ಹುಡುಕಾಕತ್ತೀನಿ. ಮುಂಜಾನೆ ಬರ್ತೀನಿ. ಆಕಿ ಅಣ್ಣಗ ಮಾತ್ರ ಹೇಳಬ್ಯಾಡ್ರಿ.”

ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ನಿಶಾಂತನ ಫೋನು. “ಚಿತ್ರ ಇವತ್ತ ಬೇಕ್ರಿ. ತಾರೀಖು ನಾ ಬಂದು ಹೇಳತೀನಿ. ತಡಾ ಮಾಡಿದ್ರ ಎಲ್ಲಾ ಕೆಡತೈತಿ.”

ಇವತ್ತೇ! ದತ್ತಾತ್ರೇಯರಿಗೆ ಕುಂಚ ಹಿಡಿಯಲಾಗಲಿಲ್ಲ. ಗಲ್ಲಿಯಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಅವನೇ ಬಂದ ಎಂದು ಬೆಚ್ಚುತ್ತಿದ್ದರು. ದೇವರೇ, ಗಂಡ ಮೊದಲು ಬರಲಿ ಎಂದು ಬೇಡಿಕೊಂಡರು.

ದೇವರು ನಡೆಸಿಕೊಟ್ಟ. ಹನ್ನೊಂದಕ್ಕೆ ಹೇಮಂತ ಬಂದ, ಜೊತೆಗೆ ಇಬ್ಬರು ಗಟ್ಟಿಮುಟ್ಟಾದ ಆಳುಗಳು. ದತ್ತಾತ್ರೇಯರ ಕಾಲು ಮುಟ್ಟಿ ನಮಸ್ಕರಿಸಿದ. ಔಷಧಿ ಅಂಗಡಿಯ ವಿಳಾಸ ಬರೆದುಕೊಂಡ. ಹೋಗುವಾಗ ಚಿತ್ರದ ಮುಂದೆ ನಿಂತು, ಹುಬ್ಬಿನ ಕಲೆಯ ಮೇಲೆ ಹೆಬ್ಬೆರಳು ಇಟ್ಟ.

“ಇದನ್ನೂ ಬಿಟ್ಟಿಲ್ಲಲ್ರಿ,” ಎಂದ. “ಭಾಳ ಉಪಕಾರ ಆತು.”

ಎಂಥ ಪ್ರೀತಿ! ದತ್ತಾತ್ರೇಯರ ಕಣ್ಣು ತೇವವಾಯಿತು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ತಮ್ಮ ಕೈಯಿಂದ ಒಂದು ಜೀವ ಉಳಿಯಿತೆಂದು ಹಿಗ್ಗಿದರು.

ಒಂದೂವರೆ ಗಂಟೆಯ ಮೇಲೆ ನಿಶಾಂತ ಓಡುತ್ತ ಬಂದ. ಈಗ ಅವರಿಗೆ ಧೈರ್ಯ ಬಂದಿತ್ತು. ಚಿತ್ರಕ್ಕೆ ಅಡ್ಡ ನಿಂತರು.

“ನಿನ್ನ ಆಟ ಮುಗೀತಪಾ. ಕೊಂಡಾಪುರದಾಗ ಆಕೀನ್ನ ನಾನs ನೋಡೀನಿ. ಆಕೀ ಗಂಡಗ ವಿಳಾಸ ಕೊಟ್ಟೀನಿ. ಇಷ್ಟೊತ್ತಿಗೆ ಅಲ್ಲಿಗೆ ಹೋಗಿ ಮುಟ್ಟಿರ್ತಾನ.”

ನಿಶಾಂತ ಓಡಲಿಲ್ಲ, ಕೂಗಾಡಲಿಲ್ಲ. ಜೇಬಿನಿಂದ ಫೋನು ತೆಗೆದು ತಂಗಿಯ ನಂಬರು ಒತ್ತಿದ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಒತ್ತಿದ. ಮತ್ತೆ ನಿಂತಿತು. ಅವನು ಹೊಸ್ತಿಲ ಮೇಲೆಯೇ ಕುಸಿದು ಕೂತ.

“ಕಾಕಾ, ನಿನ್ನೆ ಆಕೀನ್ನ ಹೆಸರ ಹಿಡದು ಕರದಾವ್ರು ನೀವs ಏನ್ರಿ? ಅವನ ಕೈಯಾಗ ಸಾಯಬಾರದಂತನs ನಾ ಆಕೀನ್ನ ಚಿತ್ರದಾಗ ಸಾಯಿಸಿದ್ದೆರಿ.”